ಅಪ್ಪನ ಪುಟಕ್ಕೆ ಬರುವವರು

ಗೆರೆ ಮತ್ತೆ ಮೇಲೆದ್ದಿದೆ, ನಿನ್ನೆಗಿಂತ ಒಂದು ಚೂರು ಮೇಲೆ, ಕನ್ನಡಕ ಒರೆಸಿಕೊಂಡು ನೋಡಿದರೂ ಅಲ್ಲೇ ಇದೆ, ಅಪ್ಪನ ಪುಟದ ನೀಲಿ ಗೆರೆ — ಆ ಅಂತರ್ಜಾಲದ ವಿಶ್ವಕೋಶದಲ್ಲಿ ಯಾವ ಪುಟವನ್ನು ದಿನಕ್ಕೆ ಎಷ್ಟು ಸಲ ತೆರೆದರು ಎಂದು ಯಾರು ಬೇಕಾದರೂ ನೋಡಬಹುದು, ಅದನ್ನು ನೋಡಿ ಜನಕ್ಕೆ ಏನು ಬೇಕೆಂದು ಸಂಪಾದಕರಿಗೆ ಹೇಳುವುದೇ ಈ ಪತ್ರಿಕೆಯಲ್ಲಿ ನನ್ನ ಕೆಲಸ, ಯಾವ ನಟಿ ಏರಿದಳು, ಯಾವ ಕಾಯಿಲೆ ಇಳಿಯಿತು — ಅಪ್ಪನದು ವರ್ಷಗಟ್ಟಲೆ ನೆಲ ಬಿಟ್ಟು ಏಳದ ಗೆರೆ, ದಿನಕ್ಕೆ ಮೂರೋ ನಾಲ್ಕೋ, ಅದರಲ್ಲಿ ಒಂದು ನಾನೇ, ಹಳೆಯ ಜಾದೂಗಾರನನ್ನು ಇನ್ಯಾರು ಹುಡುಕುತ್ತಾರೆ, ಈಗ ನೋಡಿದರೆ ನಲವತ್ತು, ಐವತ್ತು, ಯಾರಪ್ಪಾ ಇವರೆಲ್ಲ. ಸಂಪಾದಕರಂತೂ ಕುಣಿದುಬಿಟ್ಟರು, ನೋಡಮ್ಮಾ, ಜನ ಮತ್ತೆ ಜಾದೂ ಕೇಳ್ತಿದಾರೆ, ನಿಮ್ಮಪ್ಪನ ಮೇಲೆ ಪೂರ್ತಿ ಪುಟ ಹಾಕೋಣ, ನೀನೇ ಬರಿ, ಹೂಂ ಸಾರ್ ಅಂದೆ, ಆದರೆ ತಲೆಯಲ್ಲಿ ಹುಳ ಕೊರೆಯುತ್ತಿದೆ, ಬದುಕಿರುವವರ ಗೆರೆ ಸುಮ್ಮಸುಮ್ಮನೆ ಏಳುವುದಿಲ್ಲ, ಮದುವೆಯಾಗಬೇಕು, ಜೈಲಿಗೆ ಹೋಗಬೇಕು, ಇಲ್ಲ ಆಸ್ಪತ್ರೆ ಸೇರಬೇಕು, ಅಪ್ಪನಿಗೆ ಮದುವೆಯ ವಯಸ್ಸಂತೂ ಅಲ್ಲ.

ಅಣ್ಣ ಏನೋ ಮುಚ್ಚಿಡುತ್ತಿದ್ದಾನೆ, ಅಪ್ಪ ಇರುವುದು ಅವನ ಮನೆಯಲ್ಲಿ, ಯಾವಾಗ ಫೋನ್ ಮಾಡಿದರೂ ಮಲಗಿದಾರೆ ಕಣೇ, ಸ್ನಾನಕ್ಕೆ ಹೋಗಿದಾರೆ ಕಣೇ — ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತಾನೆ — ಬರ್ತೀನಿ ಅಂದರೆ ಅತ್ತಿಗೆ, ಮುಂದಿನ ವಾರ ಬಾಮ್ಮ, ಮನೆಗೆ ಬಣ್ಣ ಹೊಡೆಸ್ತಾ ಇದೀವಿ, ತಿಂಗಳುಗಟ್ಟಲೆ ಬಣ್ಣ ಹೊಡೆಯೋಕೆ ಅದೇನು ಅರಮನೆಯಾ. ಅಪ್ಪನ ಹಳೆಯ ಜಾದೂ ಸಾಮಾನಿನ ಪೆಟ್ಟಿಗೆ ಮಾರುತ್ತಿದ್ದಾನೆ, ಅದೇ ಇರಬೇಕು, ಕೊಳ್ಳುವವರು ಅಪ್ಪ ಎಂಥವರೆಂದು ಪುಟ ತೆರೆದು ನೋಡುತ್ತಿದ್ದಾರೆ, ಪೆಟ್ಟಿಗೆ ಯಾರಿಗಾದ್ರೂ ತೋರಿಸಿದ್ಯಾ ಅಂದಿದ್ದಕ್ಕೆ ನಾನೇನು ಕಳ್ಳನಾ ಎಂದು ಎಗರಿಬಿದ್ದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಅನುಮಾನ ಚಿಕ್ಕಂದಿನದೇ, ಆಗ ನನಗೆ ಆರು ವರ್ಷವಿರಬಹುದು, ರಂಗದ ಮೇಲೆ ಹತ್ತಿ ಅಪ್ಪನ ಕೋಟಿನ ತೋಳಿಗೆ ಕೈ ಹಾಕಿ ಬಚ್ಚಿಟ್ಟ ಮೊಟ್ಟೆ ಒಡೆದಿದ್ದೆ, ಲೋಳೆ ಸುರಿಯುತ್ತಿದೆ, ಸಭೆಯೆಲ್ಲ ನಗುತ್ತಿದೆ, ಅಪ್ಪನೂ ನಗುತ್ತಾರೆ, ನೋಡ್ರಪ್ಪಾ, ನನ್ನ ಮಗಳು ಯಾರನ್ನೂ ನಂಬಲ್ಲ, ಪೊಲೀಸ್ ಆಗ್ತಾಳೆ. ಅಣ್ಣನ ಸಹವಾಸವೇ ಬೇಡ, ಅಪ್ಪನ ಫೋನಿಗೇ ನೇರ ಮಾಡುತ್ತೇನೆ, ರಿಂಗಾಗುತ್ತಿದೆ, ಪರದೆಯ ಮೇಲೆ ಗೆರೆ ನೆಟ್ಟಗೆ ನಿಂತಿದೆ, ಎತ್ತಿದರು, ಎತ್ತಿಯೇಬಿಟ್ಟರು, ಅಪ್ಪಾ, ನಾನು — ಹ್ಞಾಂ, ಹೇಳಿ.

ಹೇಳಿ ಅಂದರು. ನನಗೆ. ಕೋಪ ಬಂದಾಗಲೂ ಹೋಗೇ ಬಾರೇ ಎನ್ನುವ ಅಪ್ಪ, ಬ್ಯಾಂಕಿನವರೆಂದು ತಿಳಿದಿರಬೇಕು, ನಾನಪ್ಪಾ, ನಿಮ್ಮ ಮಗಳು, ಏನ್ಮಾಡ್ತಿದೀರಾ — ಓದ್ತಾ ಇದೀನಿ, ಒಬ್ಬ ಜಾದೂಗಾರರ ವಿಷಯ ಫೋನಲ್ಲಿ ಬಂದಿದೆ, ಭಾರಿ ಆಸಾಮಿ ಕಣ್ರೀ, ನೀವೂ ಓದಿ — ಆಮೇಲೆ ಏನೋ ಸರಸರ, ಅಣ್ಣನ ಉಸಿರು, ಇವರಿಗ್ಯಾಕೆ ಮಾಡ್ದೆ, ನಂಗೆ ಮಾಡೋದಲ್ವಾ, ಅಯ್ಯೋ ಅಳಬೇಡ ಕಣೇ, ನೆನಪು ಬರ್ಲಿ ಅಂತ ನಾನೇ ಒಂದಿನ ಆ ಪುಟ ತೆಗ್ದು ಕೊಟ್ಟೆ, ಈಗ ಎದ್ದಾಗಿಂದ ಅದೇ, ಓದ್ತಾರೆ, ಮುಚ್ತಾರೆ, ಮರೀತಾರೆ, ಮತ್ತೆ ತೆಗೀತಾರೆ, ಅದು ನೀವೇ ಅಪ್ಪಾ ಅಂದ್ರೆ ತಮಾಷೆ ಮಾಡ್ಬೇಡಿ ಅಂತಾರೆ, ನಿಂಗೆ ಯಾವ ಬಾಯಲ್ಲಿ ಹೇಳ್ಲಿ — ನಲವತ್ತು ಜನವಲ್ಲ, ಒಬ್ಬರೇ, ನಲವತ್ತು ಸಲ, ಪೂರ್ತಿ ಪುಟ ಹಾಕೋಣ ಎಂದಿದ್ದಾರೆ ಸಂಪಾದಕರು, ದೇವರೇ, ಯಾರ ಮೇಲೆಲ್ಲ ಅನುಮಾನಪಟ್ಟೆ ನಾನು, ಅಣ್ಣಾ, ಅವರಿಗೇ ಕೊಡೋ ಒಂದ್ನಿಮಿಷ, ಅಪ್ಪಾ — ಹ್ಞಾಂ, ನೀವಾ, ಇನ್ನೂ ಇದೀರಾ, ಕೇಳಿ, ಇವರಿಗೆ ಒಬ್ಬ ಮಗ, ಒಬ್ಬಳು ಮಗಳು ಅಂತ ಹಾಕಿದಾರೆ, ಮಗಳು ಬಂದು ನೋಡ್ಕೊಂಡು ಹೋಗ್ತಾಳಾ ಇಲ್ವಾ, ಅದೊಂದು ಬರ್ದಿಲ್ಲ, ಇರಿ, ಇನ್ನೊಂದ್ಸಲ ನೋಡ್ತೀನಿ — ಇನ್ನೊಂದು ಸಲ, ಇನ್ನೊಂದು, ನಾಳೆ ಗೆರೆ ಇನ್ನೂ ಒಂದು ಚೂರು ಮೇಲೆ, ನೀಲಿ ಗೆರೆ, ಅಪ್ಪ ನನ್ನನ್ನು ಹುಡುಕುತ್ತಿರುವ ಗೆರೆ, ಗೆರೆ —