ತುಕ್ಕು ಹಿಡಿದದ್ದೇ ಇರಲಿ

"ಏ, ಕಣ್ಣಲ್ಲಿ ನೋಡು ಸಾಕು. ಮುಟ್ಟಬೇಡ, ಬಣ್ಣ ಮಾಸುತ್ತೆ," ಎಂದ ದಲ್ಲಾಳಿ, ಬಾಯಿಂದ ಹಲ್ಲುಕಡ್ಡಿ ತೆಗೆಯದೆಯೇ.

ದೊಡ್ಡಕ್ಕ ಕೈ ತೆಗೆಯಲಿಲ್ಲ. ಕೂಲಿ ಹೆಂಗಸರೆಲ್ಲ ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ದುಡ್ಡು ಅವಳ ಮಡಿಲಲ್ಲಿತ್ತು. ಹಳೆಯದೊಂದು ಟ್ರ್ಯಾಕ್ಟರ್ ಕೊಂಡರೆ, ಗೇಣಿಗೆ ಹಿಡಿದ ನೆಲವನ್ನು ತಾವೇ ಉತ್ತುಕೊಳ್ಳಬಹುದಿತ್ತು. ಧಣಿಯ ಬಾಗಿಲಲ್ಲಿ ಹಲ್ಲು ಗಿಂಜುತ್ತಾ ನಿಲ್ಲುವುದು ತಪ್ಪುತ್ತಿತ್ತು.

ಅಂಗಳದಲ್ಲಿ ಎರಡಿದ್ದವು. ಒಂದು ಹೊಸ ಬಣ್ಣ ಬಳಿದುಕೊಂಡು ಕೆಂಪಗೆ ಮಿರುಗುತ್ತಿತ್ತು. ಇನ್ನೊಂದರ ಬಾನೆಟ್ ನುಗ್ಗಾಗಿತ್ತು, ಮಡ್‌ಗಾರ್ಡನ್ನು ತುಕ್ಕು ತಿಂದಿತ್ತು. ದಲ್ಲಾಳಿ ಕೆಂಪನ್ನೇ ಹೊಗಳಿ ಅಟ್ಟಕ್ಕೇರಿಸಿದ. ಪಟ್ಟು ಹಿಡಿದು ಸ್ಟಾರ್ಟ್ ಮಾಡಿಸಿದರೆ ಅದು ಕ್ಷಯದವರ ಹಾಗೆ ಕೆಮ್ಮಿ ಹೊಗೆ ಉಗುಳಿತು. ತುಕ್ಕಿನದು ಒಂದೇ ಏಟಿಗೆ ಗುಡುಗಿತು.

"ಅತ್ತಿಗೆ, ಇವಳು ಬರೀ ಪೌಡರು ಬಳ್ಕೊಂಡೋಳು," ಎಂದಳು ಜೊತೆಗೆ ಬಂದಿದ್ದ ನಾದಿನಿ. "ದುಡಿಯೋಳು ಆ ಮೂಲೇಲಿದಾಳೆ."

ದಲ್ಲಾಳಿ ದುಡ್ಡು ಜೇಬಿಗಿಳಿಸಿ ತುಕ್ಕಿನದರ ಕೀಲಿ ಕೊಟ್ಟ. ಅಷ್ಟರಲ್ಲಿ ಧಣಿಯ ಕಾರು ಬಂದು ಗೇಟಿಗೆ ಅಡ್ಡ ನಿಂತಿತು. ಯಾರೋ ಸುದ್ದಿ ಮುಟ್ಟಿಸಿದ್ದರು.

"ಇವಕ್ಕೆ ಗಾಡಿ ಕೊಟ್ರೆ ನಾಳೆ ನನ್ ಹೊಲಕ್ಕೆ ನಿಮ್ಮಪ್ಪ ಬರ್ತಾನೇನೋ?" ಎಂದು ಕಾರಿನಿಂದಿಳಿದ ಧಣಿ ದಲ್ಲಾಳಿಯ ಮೇಲೆ ಹರಿಹಾಯ್ದ.

ದಲ್ಲಾಳಿಯ ಮುಖ ಇಳಿಯಿತು. ವ್ಯಾಪಾರ ಮುರೀತು ಎಂದು ಗೊಣಗುತ್ತಾ ಕೀಲಿಗೆ ಕೈ ಚಾಚಿದ. ದೊಡ್ಡಕ್ಕ ಆಗಲೇ ಸೀಟಿಗೇರಿದ್ದಳು.

ಗಂಡ ಬದುಕಿದ್ದಾಗ ಧಣಿಯ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವಳು ಕಲಿತದ್ದು ಅವನಿಂದಲೇ. ಅವನು ಜ್ವರದಲ್ಲಿ ಮಲಗಿದಾಗೊಮ್ಮೆ ಇವಳೇ ಹೋಗಿ ಧಣಿಯ ಹೊಲ ಉತ್ತು ಬಂದಿದ್ದಳು. ಉಳುಮೆ ಧಣಿಗೆ ಮೈಲಿಗೆಯಾಗಲಿಲ್ಲ. ಹೆಂಗಸು ಕೂತ ಸೀಟನ್ನು ಮಾತ್ರ, ಆ ಜ್ವರದಲ್ಲೇ ಅವಳ ಗಂಡನನ್ನು ಎಬ್ಬಿಸಿ ಕರೆಸಿ, ಅವನ ಕೈಯಲ್ಲೇ ತೊಳೆಸಿದ್ದ.

"ಇಳಿಯೇ ಮುಂಡೆ, ಕೆಳಕ್ಕೆ."

"ಇಳಿಯಲ್ಲ. ದುಡ್ಡು ಅವನ ಜೇಬಲ್ಲಿದೆ, ಗಾಡಿ ನಮ್ದು. ಈ ಸೀಟು ತೊಳೆಯೋಕೆ ಯಾರನ್ನ ಕರೀತೀಯೋ ಕರಿ."

ಏಕವಚನ ತಾನಾಗಿಯೇ ಬಾಯಿಗೆ ಬಂದಿತ್ತು. ನಾದಿನಿ ಸೆರಗು ಸಿಕ್ಕಿಸಿ ಮಡ್‌ಗಾರ್ಡ್ ಹತ್ತಿ ಕೂತಳು. ಟ್ರ್ಯಾಕ್ಟರ್ ಗುರುಗುಟ್ಟುತ್ತಾ ಕಾರಿನತ್ತ ಸರಿಯಿತು. ದೊಡ್ಡಕ್ಕನ ಕಾಲು ಬ್ರೇಕಿನತ್ತ ಹೋಗಲಿಲ್ಲ.

ಒಂದಿಂಚೂ ಕದಲಬೇಡ ಎಂದು ಧಣಿ ತನ್ನ ಡ್ರೈವರನಿಗೆ ಅಬ್ಬರಿಸಿದ.

ಡ್ರೈವರ್ ಧಣಿಯನ್ನೊಮ್ಮೆ ನೋಡಿದ, ಸೀಟಿನ ಮೇಲಿದ್ದವಳನ್ನೊಮ್ಮೆ ನೋಡಿದ. ಆಮೇಲೆ, ಯಾರ ಅಪ್ಪಣೆಗೂ ಕಾಯದೆ, ಕಾರನ್ನು ರಿವರ್ಸಿಗೆ ಹಾಕಿದ.