ರಮಾಮಣಿಯವರ ಗಾಡಿ ಗುಡ್ಡ ಹತ್ತಿದ್ದು

ನಂಜುಂಡಯ್ಯನವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಆದರೂ ಗಾಡಿಯ ವಿಷಯದಲ್ಲಿ ತಮಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಅವರು ನಂಬಿದ್ದರು. ಹೆಂಡತಿ ರಮಾಮಣಿ ಆ ದೊಡ್ಡ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದ ದಿನ, ಅದರ ಜೊತೆಗೆ ಬಂದಿದ್ದ ಕೈಪಿಡಿಯನ್ನು ಅವರು ವಿದ್ಯಾರಣ್ಯಪುರಂನ ಮನೆಯ ಪಡಸಾಲೆಯಲ್ಲಿ ಕುಳಿತು, ಪುರಾಣ ಓದುವವರ ಹಾಗೆ ಗಟ್ಟಿಯಾಗಿ ಓದಿದ್ದರು. ಕಾಲೇಜಿನಲ್ಲಿ ಮೂವತ್ತು ವರ್ಷ ತರ್ಕಶಾಸ್ತ್ರ ಪಾಠ ಹೇಳಿದವರು. ಓದಿದ್ದನ್ನು ವಿಂಗಡಿಸದೆ ಬಿಡುವ ಅಭ್ಯಾಸ ಅವರಿಗಿರಲಿಲ್ಲ.

ಗೇರಿನ ಪಕ್ಕದಲ್ಲಿ ಹಳೆಯ ರೇಡಿಯೋದಲ್ಲಿರುವಂಥ ಒಂದು ತಿರುಗಿಸುವ ಗುಂಡಿ. ಅದಕ್ಕೆ ನಾಲ್ಕು ಸ್ಥಾನ. ಮೊದಲನೆಯದರಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಎರಡನೆಯದು ಆಟೋ. ಹಿಂದಿನ ಚಕ್ರ ಜಾರಿತೆಂದು ತಿಳಿದ ಕೂಡಲೇ ಗಾಡಿ ತಾನೇ ಮುಂದಿನ ಚಕ್ರಗಳಿಗೂ ಬಲ ಕಳಿಸುತ್ತದೆ, ಜಾರುವುದು ನಿಂತರೆ ವಾಪಸು ಪಡೆಯುತ್ತದೆ. ಮೂರನೆಯದರಲ್ಲಿ ನಾಲ್ಕು ಚಕ್ರವೂ ಯಾವಾಗಲೂ ಕೆಲಸ ಮಾಡುತ್ತವೆ. ನಾಲ್ಕನೆಯದು ಲೋ. ಅದರಲ್ಲಿ ನಾಲ್ಕು ಚಕ್ರವೂ ನಿಧಾನವಾಗಿ, ಮೈಯ ಬಲವೆಲ್ಲ ಹಾಕಿ ದುಡಿಯುತ್ತವೆ.

"ಯಾವಾಗ ಬೇಕು ಎಂದು ತಾನೇ ತಿಳಿಯುವ ಸ್ಥಾನ ಒಂದಿರುವಾಗ ಮಿಕ್ಕ ಮೂರೂ ಪುನರುಕ್ತಿ," ಎಂದು ನಂಜುಂಡಯ್ಯ ಅಂದೇ ತೀರ್ಪು ಕೊಟ್ಟಿದ್ದರು.

"ಹೂಂ," ಎಂದು ರಮಾಮಣಿ ಅವರೆಕಾಯಿ ಸುಲಿಯುತ್ತಲೇ ಇದ್ದರು.

ಆಕೆ ಆ ಗಾಡಿ ಕೊಂಡದ್ದು ಒಂದು ದೀಪಕ್ಕಾಗಿ. ಆಕೆಯ ತವರುಮನೆಯ ದೇವರು ನರಸಿಂಹಸ್ವಾಮಿ. ವರುಣದ ಆಚೆ, ಟಿ. ನರಸೀಪುರದ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಗುಡ್ಡದ ಮೇಲೆ ಗುಡಿ. ಕಾರ್ತಿಕದ ಕೊನೆಯ ಶನಿವಾರ ಅಲ್ಲಿನ ದೀಪದ ಕಂಬಕ್ಕೆ ದೀಪ ಹಚ್ಚುವುದು ಅವರ ಮನೆತನದ ಸೇವೆ. ಅರ್ಚಕರು ಕಂಬದ ಬಳಿ ನಿಂತು "ಯಾರ ಮನೆಯ ದೀಪ?" ಎಂದು ಮೂರು ಸಲ ಕೂಗುತ್ತಾರೆ. ಸೇವೆಯ ಮನೆಯವರು ಉತ್ತರ ಹೇಳಬೇಕು. ಯಾರೂ ಹೇಳದಿದ್ದರೆ ಬೇರೆ ಯಾವ ಮನೆಯವರಾದರೂ ತಮ್ಮದೆಂದು ಹೇಳಬಹುದು, ಅಲ್ಲಿಂದ ಮುಂದೆ ಸೇವೆ ಅವರದೇ. ತವರಿನಲ್ಲಿ ರಮಾಮಣಿಯೇ ಕೊನೆಯವರು. ಮಂಡಿ ಹಿಡಿದುಕೊಂಡು ಗುಡ್ಡ ಹತ್ತಲಾಗದೆ ಹೋದಾಗ, ಭೂಗೋಳದ ಮೇಡಂ ಆಗಿ ನಿವೃತ್ತರಾಗಿದ್ದ ಆಕೆ ಡ್ರೈವಿಂಗ್ ಕಲಿತು ಈ ಗಾಡಿ ತಂದರು. ವರ್ಷಕ್ಕೊಂದು ದಿನ ಗುಡ್ಡ, ಮಿಕ್ಕ ದಿನ ತರಕಾರಿ. ದೇವರಾಜ ಮಾರುಕಟ್ಟೆಯ ಹತ್ತಿರ ಅದನ್ನು ನಿಲ್ಲಿಸಲು ಜಾಗವಿಲ್ಲದೆ ಆಕೆ ಬೈಯದ ಮನುಷ್ಯರಿಲ್ಲ.

ಕಳೆದ ಮಾಘದಲ್ಲಿ ರಮಾಮಣಿ ತೀರಿಕೊಂಡರು. ಗಾಡಿ ಮನೆಯ ಮುಂದೆ ನಿಂತಿತು. ಅದರ ಮೇಲೆ ಹೊಂಗೆಯ ಎಲೆ ಉದುರಿತು. ಆಶ್ವಯುಜ ಕಳೆದು ಕಾರ್ತಿಕ ಬಂತು.

ನಂಜುಂಡಯ್ಯ ಪುರೋಹಿತರಾದ ಬಿಂದುಮಾಧವ ಶಾಸ್ತ್ರಿಗಳನ್ನು ಕರೆಸಿದರು.

"ವರ್ಷಾಬ್ದಿಕ ಆಗುವ ತನಕ ನೀವು ಬೆಟ್ಟದ ದೇವರಿಗೆ ಹೋಗುವ ಹಾಗಿಲ್ಲ," ಎಂದರು ಶಾಸ್ತ್ರಿಗಳು.

"ಹತ್ತುವುದು ಗಾಡಿ. ನಾನು ಸುಮ್ಮನೆ ಕೂತಿರುತ್ತೇನೆ."

"ಕೂತವರೂ ಹತ್ತಿದ ಹಾಗೇ ಕಣ್ರೀ. ತರ್ಕ ಓದಿದವರು ನೀವೇ ಹೀಗಂದ್ರೆ?"

"ಹಾಗಾದರೆ ಬೆಟ್ಟ ಎಲ್ಲಿಂದ ಶುರುವಾಗುತ್ತದೆ?"

ಶಾಸ್ತ್ರಿಗಳು ಕಾಫಿ ಮುಗಿಸಿ ಯೋಚಿಸಿದರು. "ಟಾರು ಮುಗಿದ ಕಡೆಯಿಂದ ಅಂತ ಇಟ್ಟುಕೊಳ್ಳಿ. ಅಲ್ಲಿಯವರೆಗೆ ದೋಷವಿಲ್ಲ. ಲಹರಿ ಹೋಗಲಿ. ಕೊಟ್ಟ ಹೆಣ್ಣುಮಗಳು, ಬೇರೆ ಗೋತ್ರ. ಅವಳಿಗೆ ಮೈಲಿಗೆ ಮೂರೇ ದಿನ. ಅದು ಯಾವತ್ತೋ ಮುಗಿದುಹೋಯಿತು."

ಲಹರಿ ಅವರ ಮಗಳು. ಗಂಡನೊಡನೆ ಮೇಲಿನ ಮನೆಯಲ್ಲೇ ಇದ್ದಳು, ಕುಂಬಾರಕೊಪ್ಪಲಿನಲ್ಲಿ ಹಲ್ಲಿನ ಕ್ಲಿನಿಕ್ ನಡೆಸುತ್ತಿದ್ದಳು. ಸಂಜೆ ತಂದೆ ವಿಷಯ ತಿಳಿಸಿದಾಗ ಅವಳು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು.

"ಮೂರು ದಿನಾನಾ?"

"ಶಾಸ್ತ್ರ ಹಾಗೆ ಹೇಳುತ್ತದೆ."

"ಸರಿ," ಎಂದು ಅವಳು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಮೇಲೆ ಹೋದಳು. ಅರ್ಧ ಮೆಟ್ಟಿಲಿನಿಂದ ಕೂಗಿದಳು. "ಗಾಡಿ ಕೀ ಎಲ್ಲಿದೆ?"

ಬ್ಯಾಟರಿ ಸತ್ತಿತ್ತು. ಗ್ಯಾರೇಜಿನ ವಿಜಯ್‌ಕುಮಾರ್ ಬಂದು ಬೇರೆ ಹಾಕಿದ, ಚಕ್ರಗಳಿಗೆ ಗಾಳಿ ತುಂಬಿದ, ಒಳಗೆ ಕುಳಿತು ಸುತ್ತ ನೋಡಿದ.

"ಈ ಗುಂಡಿ ಯಾವಾಗ ಎಲ್ಲಿಡಬೇಕಪ್ಪಾ?" ಎಂದು ಲಹರಿ ಅವನನ್ನು ಕೇಳಿದಳು.

"ನಂಗೆ ಗೊತ್ತಿಲ್ಲ ಮೇಡಂ, ಸುಳ್ಯಾಕೆ ಹೇಳ್ಲಿ? ಇದನ್ನ ಯಾರೂ ಮುಟ್ಟಲ್ಲ. ಇಂಥ ಗಾಡಿಗಳೆಲ್ಲ ಮಾಲ್‌ಗೆ ಹೋಗಿ ಮಾಲಿಂದ ಬರೋವು. ಮೊನ್ನೆ ಒಬ್ರು ಬನ್ನಿಮಂಟಪದಾಗೆ ನಾಲ್ಕು ಚಕ್ರಾನೂ ಲಾಕ್ ಮಾಡ್ಕೊಂಡು ಒಣ ರಸ್ತೇಲಿ ಸುತ್ತಿಬುಟ್ಟವ್ರೆ. ತಿರುಗ್ಸಿದ್ರೆ ಗಾಡಿ ಕುಂಟ್ತದೆ ಅಂತ ನಂತಾವ ಬಂದಿದ್ರು."

"ಕುಂಟದೆ ಇನ್ನೇನು?" ಎಂದರು ನಂಜುಂಡಯ್ಯ ಜಗಲಿಯಿಂದ. "ತಿರುವಿನಲ್ಲಿ ಮುಂದಿನ ಚಕ್ರಕ್ಕೆ ದಾರಿ ಹೆಚ್ಚು, ಹಿಂದಿನದಕ್ಕೆ ಕಡಿಮೆ. ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ಕೆಸರಿನಲ್ಲಾದರೆ ಜಾರಿ ಸರಿಹೋಗುತ್ತದೆ, ಒಣ ಟಾರಿನಲ್ಲಿ ಜಾರುವುದೆಲ್ಲಿ? ಅದಕ್ಕೇ ಆಟೋ. ನಿಮ್ಮಮ್ಮ ಊರು ದಾಟಿದ ಮೇಲೆ ಆಟೋದಲ್ಲಿ ಇಟ್ಟರೆ ಮತ್ತೆ ಗುಂಡಿ ಮುಟ್ಟಿದವಳೇ ಅಲ್ಲ."

"ಗುಡ್ಡದ ಮೇಲೂ?"

"ಗುಡ್ಡದ ಮೇಲೂ. ಪ್ರತಿ ವರ್ಷ ನಾನು ಪಕ್ಕದಲ್ಲೇ ಕೂತಿರಲಿಲ್ಲವೇನೇ?"

ವಿಜಯ್‌ಕುಮಾರ್ ನಂಜುಂಡಯ್ಯನವರನ್ನು ಗೌರವದಿಂದ ನೋಡಿ ಹಳೆಯ ಬ್ಯಾಟರಿ ಎತ್ತಿಕೊಂಡು ಹೋದ.

ಶನಿವಾರ ಮಧ್ಯಾಹ್ನ ಹೊರಟರು. ಹಿಂದಿನ ಸೀಟಿನಲ್ಲಿ ಎಣ್ಣೆಯ ಡಬ್ಬ, ಬತ್ತಿ, ಪುಳಿಯೋಗರೆ. ರಿಂಗ್ ರೋಡಿನಲ್ಲಿ ಒಣ ಬಿಸಿಲು. ಗುಂಡಿ ಎರಡು ಚಕ್ರದಲ್ಲಿತ್ತು. ವರುಣ ದಾಟಿ ಒಳರಸ್ತೆಗೆ ತಿರುಗಿದರೆ ಹಿಂದಿನ ರಾತ್ರಿಯ ಮಳೆ. ಟಾರು ಒಂದು ಮಾರು, ಕೆಸರು ಎರಡು ಮಾರು, ಮತ್ತೆ ಟಾರು, ಮತ್ತೆ ನೀರು ನಿಂತ ಹಳ್ಳ.

"ಈಗ ಆಟೋ," ಎಂದರು ನಂಜುಂಡಯ್ಯ.

ಲಹರಿ ತಿರುಗಿಸಿದಳು. ಕೆಸರಿನಲ್ಲಿ ಹಿಂದಿನ ಚಕ್ರ ಒಮ್ಮೆ ಜಾರುವಷ್ಟರಲ್ಲಿ ಮುಂದಿನವು ಹಿಡಿದುಕೊಂಡವು. ಟಾರಿಗೆ ಬಂದಾಗ ಗಾಡಿ ಎಂದಿನಂತೆ ಹಗುರವಾಗಿ ತಿರುಗಿತು. ಅವಳು ಮತ್ತೆ ಮತ್ತೆ ಗುಂಡಿ ಮುಟ್ಟಬೇಕಾಗಲಿಲ್ಲ.

"ಭೇಷ್," ಎಂದಳು. "ನೀವು ಹೇಳಿದ್ದು ಸರಿ ಅಪ್ಪ. ಹೀಗೆ ಗಳಿಗೆಗೊಂದು ಥರ ಆಗೋ ರಸ್ತೆಗೆ ಇದೇ ಸರಿ."

ನಂಜುಂಡಯ್ಯ ಶಲ್ಯ ಸರಿಮಾಡಿಕೊಂಡರು.

ಗುಡ್ಡದ ಬುಡದಲ್ಲಿ ಟಾರು ಮುಗಿಯಿತು. ಅಲ್ಲಿ ಮಂಚಮ್ಮ ಎಂಬ ಮುದುಕಿ ಪ್ರತಿ ವರ್ಷದಂತೆ ಪ್ಲಾಸ್ಟಿಕ್ ಹಾಳೆ ಹಾಸಿ ಹಣ್ಣುಕಾಯಿ ಇಟ್ಟುಕೊಂಡಿದ್ದಳು. ನಂಜುಂಡಯ್ಯ ಇಳಿದದ್ದನ್ನು ಕಂಡು ಬಾಗಿಲ ಕಡೆ ಇಣುಕಿದಳು.

"ಎಲ್ಲಿ, ಅಮ್ಮಾವ್ರು?"

"ತೀರಿಕೊಂಡರು."

"ಅಯ್ಯೋ ಸಿವನೇ." ಮಂಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಓದ್ವರ್ಸ ನಂತಾವ ಏನ್ ಜಗಳ ಆಡಿದ್ರು ಅಂತೀರಿ! ಕಾಯಿ ಕೊಳೆತೋಗದೆ ಅಂತ. ಅಂಗೆ ಮನಸಿಟ್ಟು ಜಗಳ ಆಡೋರು ಇನ್ಯಾರವ್ರೆ?"

"ಯಾರೂ ಇಲ್ಲ," ಎಂದು ನಂಜುಂಡಯ್ಯ ಒಪ್ಪಿಕೊಂಡರು. ಮಂಚಮ್ಮ ಕೊಟ್ಟ ಮಣೆಯ ಮೇಲೆ ಕುಳಿತು ಮಗಳಿಗೆ ಹೇಳಿದರು. "ಆಟೋದಲ್ಲೇ ಇರಲಿ. ಹೊರಡು. ಹೊತ್ತು ಮುಳುಗುವುದರೊಳಗೆ ಕಂಬದ ಹತ್ತಿರ ಇರಬೇಕು."

ಗಾಡಿ ಹೊರಟಿತು. ಗುಡ್ಡದ ದಾರಿ ಕಡಿದು, ಮಳೆನೀರು ಕೊರೆದು ಬಿಟ್ಟ ಕೊರಕಲು, ಮೇಲೆಲ್ಲ ಸಡಿಲವಾದ ಗರಸು. ಮೊದಲ ತಿರುವಿನವರೆಗೆ ಸರಿಯಾಗಿ ಹೋಯಿತು. ಅಲ್ಲಿ ಹಿಂದಿನ ಚಕ್ರ ಗರಗರನೆ ತಿರುಗಿ ಕಲ್ಲು ಹಾರಿಸಿತು. ಮುಂದಿನ ಚಕ್ರಗಳು ನೆರವಿಗೆ ಬಂದವು. ಆದರೆ ಬರುವಷ್ಟರಲ್ಲಿ ಗಾಡಿಯ ಓಟ ಸತ್ತಿತ್ತು. ಅದು ಹಿಂದಕ್ಕೆ ಜಾರಿ, ಹಿಂಬದಿಯನ್ನು ಲಂಟಾನದ ಪೊದೆಗೆ ಒರಗಿಸಿ ನಿಂತಿತು. ಲಹರಿ ಮತ್ತೊಮ್ಮೆ ಪ್ರಯತ್ನಿಸಿದಳು. ಮತ್ತೆ ಅದೇ ಪೊದೆ. ಆಮೇಲೆ ಮೆಲ್ಲಗೆ ಹಿಂದಕ್ಕೇ ಇಳಿಸಿಕೊಂಡು ಬುಡಕ್ಕೆ ಬಂದಳು.

"ಆಗಲ್ಲ ಅಪ್ಪ."

"ಧೈರ್ಯ ಸಾಲದು. ನಿಮ್ಮಮ್ಮ ಇದೇ ಆಟೋದಲ್ಲಿ..."

"ಅಪ್ಪ, ಆಟೋ ಜಾರಿದ ಮೇಲೆ ತಾನೇ ಎಚ್ಚರ ಆಗೋದು? ಇಲ್ಲಿ ಜಾರಿದ್ರೆ ಆಯ್ತಲ್ಲ, ಮುಗೀತು. ಅಮ್ಮ ಹತ್ತೋವಾಗ ಗುಂಡಿ ಎಲ್ಲಿತ್ತು? ನಿಮ್ಮ ಕಣ್ಣಾರೆ ನೋಡಿದ್ದೀರಾ?"

"ನೋಡದೆ?"

"ಗುಡ್ಡದ ಬುಡ ಬಂದ ಕೂಡ್ಲೆ ಕಣ್ಣು ಮುಚ್ಕೊಂಡು ಸ್ತೋತ್ರ ಶುರು ಮಾಡ್ತೀರಂತೆ. ಅಮ್ಮನೇ ಹೇಳ್ತಿದ್ಲು. 'ಗುಡಿ ಬಂತು, ಕಣ್ಬಿಡಿ' ಅಂತ ನಾನು ಎಬ್ಬಿಸಬೇಕು ಕಣೇ ಅಂತ."

ನಂಜುಂಡಯ್ಯನವರಿಗೆ ನೆನಪಾಯಿತು. ಪ್ರತಿ ವರ್ಷ ಈ ಜಾಗಕ್ಕೆ ಬಂದ ಕೂಡಲೇ ಗಾಡಿ ನಿಲ್ಲುತ್ತಿತ್ತು. ಅವರು ಆಗ ಎರಡನೆಯ ಶ್ಲೋಕದಲ್ಲಿ ಇರುತ್ತಿದ್ದರು. ಕೆಳಗೆ ಎಲ್ಲೋ ಕಟಕ್ಕೆಂದು ಒಂದು ಶಬ್ದ. ಆಮೇಲೆ ಎಂಜಿನ್ನಿನ ದನಿ ಬದಲಾಗಿ, ಎತ್ತು ಭಾರ ಎಳೆಯುವಾಗ ಏದುವ ಹಾಗೆ ಆಗುತ್ತಿತ್ತು. ಗಾಡಿ ನಿಲ್ಲುವುದು ರಮಾಮಣಿ ದೇವರಿಗೆ ಕೈಮುಗಿಯಲೆಂದು ಅವರು ತಿಳಿದಿದ್ದರು. ಆ ಶಬ್ದ ಕಲ್ಲಿನದೆಂದು ತಿಳಿದಿದ್ದರು. ವೈಕುಂಠ ಸಮಾರಾಧನೆಯ ದಿನ ಬಂಧುಗಳೆಲ್ಲರ ಎದುರು ನಿಂತು, "ಈಕೆ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ನಮಸ್ಕರಿಸದೆ ಒಂದು ವರ್ಷವೂ ಮೇಲೆ ಹತ್ತಿದವಳಲ್ಲ" ಎಂದು ಹೇಳಿಯೂ ಇದ್ದರು. ಅನೇಕರು ಕಣ್ಣೊರೆಸಿಕೊಂಡಿದ್ದರು.

"ಲೋ ಹಾಕಬೇಕಾದರೆ ಗಾಡಿ ನಿಂತಿರಬೇಕು," ಎಂದರು ಅವರು ನಿಧಾನವಾಗಿ. "ಗೇರು ನ್ಯೂಟ್ರಲ್ಲಿನಲ್ಲಿ ಇರಬೇಕು. ಕೈಪಿಡಿಯಲ್ಲಿತ್ತು. ಅದು ಮಿಲಿಟರಿಯವರಿಗೆ ಅಂದುಕೊಂಡು ಮುಂದೆ ಹೋಗಿದ್ದೆ."

"ಅಂದ್ರೆ ಅಮ್ಮ ಇಲ್ಲಿ ನಿಲ್ಲಿಸ್ತಿದ್ದದ್ದು?"

"ಲೋ ಹಾಕಲಿಕ್ಕೆ."

"ಕೈ ಮುಗೀತಿರಲಿಲ್ವಾ ಹಾಗಾದ್ರೆ?"

"ಮುಗಿದಿದ್ದರೂ ಇರಬಹುದು. ನಾನು ನೋಡಿಲ್ಲ."

ಲಹರಿಗೆ ನಗು ಬಂದಂತಾಯಿತು, ಬರಲಿಲ್ಲ. ನ್ಯೂಟ್ರಲ್ಲಿಗೆ ತಂದು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಮುಂದಿನ ಫಲಕದಲ್ಲಿ ದೀಪವೊಂದು ಮಿನುಗಿ ಮಿನುಗಿ ನಿಂತಿತು. ಕೆಳಗೆ ಕಟಕ್ಕೆಂದಿತು. ಮಣೆಯ ಮೇಲಿದ್ದ ನಂಜುಂಡಯ್ಯ ತಲೆ ತಗ್ಗಿಸಿದರು.

"ಈಗಲೂ ಜಾರಿದ್ರೆ?" ಎಂದಳು ಲಹರಿ.

"ಗೊತ್ತಿಲ್ಲ. ಬೆಳಕು ಹೋಗುತ್ತಿದೆ. ನಿಧಾನವಾಗಿ ಹೋಗು ಮಗು."

ಸೂರ್ಯ ತೆಂಗಿನ ಮರಗಳ ಮಟ್ಟಕ್ಕೆ ಇಳಿದಿದ್ದ. ಮೇಲೆ ಗುಡಿಯ ಗಂಟೆ ಆಗಲೇ ಬಡಿಯತೊಡಗಿತ್ತು. ಗಾಡಿ ಮೊದಲ ತಿರುವಿಗೆ ಹೋಯಿತು. ಯಾವ ಕಲ್ಲೂ ಹಾರಲಿಲ್ಲ. ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ, ನಾಲ್ಕು ಚಕ್ರವೂ ಒಂದೊಂದೇ ಕಲ್ಲನ್ನು ವಿಚಾರಿಸಿಕೊಂಡು ಹೋಗುವಂತೆ ಹತ್ತಿ, ಬಂಡೆಯ ಮರೆಗೆ ಸರಿಯಿತು. ಆಮೇಲೆ ದನಿ ಮಾತ್ರ. ಆಮೇಲೆ ಅದೂ ಇಲ್ಲ.

ಗುಡಿಯ ಕಂಬ ಬುಡಕ್ಕೆ ಕಾಣುತ್ತಿರಲಿಲ್ಲ. ಗಂಟೆ ನಿಂತಿತು. ನಂಜುಂಡಯ್ಯ ಎದ್ದು ನಿಂತರು. ಅರ್ಚಕರು ಕೂಗುವುದು ಇಷ್ಟು ಕೆಳಗೆ ಕೇಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಕಿವಿಯನ್ನು ಆ ಕಡೆ ತಿರುಗಿಸಿದರು.

"ಕುಂತ್ಕಳಿ ಅಯ್ನೋರೆ," ಎಂದಳು ಮಂಚಮ್ಮ. "ನಿಂತ್ರೆ ಬ್ಯಾಗ ಆಗ್ತದಾ?"

ಅವರು ಕೂರಲಿಲ್ಲ. ಕತ್ತಲಾಗುತ್ತ ಬಂದಾಗ ಫೋನ್ ಬಡಿದುಕೊಂಡಿತು.

"ಅಪ್ಪ." ಲಹರಿಯ ದನಿಯ ಹಿಂದೆ ಗಾಳಿ ಬೀಸುತ್ತಿತ್ತು. "ಎರಡು ಸಲ ಕೂಗಿಬಿಟ್ಟಿದ್ರು. ಗಾಡಿ ನಿಲ್ಲಿಸಿ ಓಡಿದೆ. ಮೂರನೇ ಸಲಕ್ಕೆ ಸಿಕ್ಕಿದೆ."

"ಏನಂದೆ?"

"ನಮ್ಮದು ಅಂದೆ. ಯಾವ ಮನೆ ಅಂತ ಕೇಳಿದ್ರು. ಗೋತ್ರ ಗೀತ್ರ ಏನೂ ನೆನಪಾಗಲಿಲ್ಲ ಅಪ್ಪ. ರಮಾಮಣಿ ಮಗಳು ಅಂದೆ. ಅಷ್ಟು ಸಾಕು, ಹಚ್ಚಮ್ಮ ಅಂದ್ರು."

ನಂಜುಂಡಯ್ಯ ಶಲ್ಯದ ತುದಿಯಿಂದ ಕನ್ನಡಕ ಒರೆಸಿಕೊಂಡರು. ಅದು ಮಂಜಾಗಿತ್ತು.

"ದೀಪ ನಿಂತಿದೆಯಾ?"

"ನಿಂತಿದೆ. ಗಾಳಿಗೆ ವಾಲುತ್ತೆ, ಮತ್ತೆ ನೆಟ್ಟಗಾಗುತ್ತೆ. ಅಪ್ಪ, ಇಳಿಯೋವಾಗ ಯಾವುದರಲ್ಲಿ ಇಡಬೇಕು? ಅಮ್ಮ ಏನ್ ಮಾಡ್ತಿದ್ಲು?"

ನಂಜುಂಡಯ್ಯ ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡರು. ಮೇಲೆ ಪುಳಿಯೋಗರೆ ತಿಂದು ಇಳಿಯುವಾಗ ಅವರು ಪ್ರತಿ ವರ್ಷವೂ ನಿದ್ದೆ ಹೋಗಿದ್ದರು.

"ನನಗೆ ಗೊತ್ತಿಲ್ಲ ಕಣಮ್ಮ. ಆಗ ನಾನು ಮಲಗಿರುತ್ತಿದ್ದೆ."

ಆ ಕಡೆ ಲಹರಿ ನಕ್ಕಳು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ಮಾಘದಿಂದೀಚೆಗೆ ಅವರು ಕೇಳಿರಲಿಲ್ಲ.

"ಸರಿ ಬಿಡಿ. ಹತ್ತಿದ್ದರಲ್ಲೇ ಇಳೀತೀನಿ. ಟಾರು ಸಿಕ್ಕಿದ ಮೇಲೆ ನೋಡೋಣ."

"ಹಾಗೇ ಮಾಡು."

ಸ್ವಲ್ಪ ಹೊತ್ತಿಗೆ ಮೇಲಿನಿಂದ ಎಂಜಿನ್ನಿನ ದನಿ ಕೇಳಿಸಿತು. ಬಂಡೆಯ ಸಂದಿನಲ್ಲಿ ಹೆಡ್‌ಲೈಟಿನ ಬೆಳಕು ಒಮ್ಮೆ ಆಕಾಶದ ಕಡೆ, ಒಮ್ಮೆ ನೆಲದ ಕಡೆ ಆಡಿ ಮೊದಲ ತಿರುವಿಗೆ ಬಂತು. ಗಾಡಿ ಬ್ರೇಕಿನ ಕಿರುಚಾಟವಿಲ್ಲದೆ, ಎಂಜಿನ್ನೇ ಹಿಡಿದು ಇಳಿಸುತ್ತಿರುವ ಹಾಗೆ, ತಡೆತಡೆದು ಇಳಿಯುತ್ತಿತ್ತು.

"ಮಗ್ಳು ಚೆನ್ನಾಗೇ ಓಡಿಸ್ತದೆ," ಎಂದಳು ಮಂಚಮ್ಮ. "ನೀವೇ ಹೇಳ್ಕೊಟ್ರಾ?"

"ಇಲ್ಲಮ್ಮ," ಎಂದರು ನಂಜುಂಡಯ್ಯ. "ನಾನು ಹೇಳಿಕೊಟ್ಟದ್ದಕ್ಕೆ ಎರಡು ಸಲ ಪೊದೆಗೆ ಹೋಗಿತ್ತು."