ಮೂರನೇ ಸೇತುವೆ ಮತ್ತು ನಾನು

ನಾನು ಒಂದು ಕಂಪ್ಯೂಟರ್. ದೊಡ್ಡ ಕಂಪನಿಯ ಹೆಸರು ಹೊತ್ತು, ಥರ್ಮಾಕೋಲಿನಲ್ಲಿ ಹುದುಗಿ ಬಂದ ಮನೆತನಸ್ಥನಲ್ಲ. ತಿಪಟೂರಿನ ಒಂದು ಅಂಗಡಿಯ ಮೇಜಿನ ಮೇಲೆ, ಎಲ್ಲೆಲ್ಲಿಂದಲೋ ತಂದ ಬಿಡಿಭಾಗಗಳಿಗೆ ಸ್ಕ್ರೂ ಹಾಕಿ ನನ್ನನ್ನು ಜೋಡಿಸಿದರು. ಮಾಡಿಸಿದವನು ಪಂಚಾಕ್ಷರಿ. ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಸೈಬರ್ ಸೆಂಟರ್ ಇತ್ತು. ಅಲ್ಲಿ ನನ್ನ ಜೊತೆಯವರಿಗೆ ಫ್ಯಾನಿನ ಕೆಳಗಿನ ಜಾಗ ಸಿಕ್ಕಿತು, ನನಗೆ ಬಾಗಿಲ ಪಕ್ಕದ ಧೂಳು ಸಿಕ್ಕಿತು. ಹೊಟ್ಟೆಕಿಚ್ಚು ಹೊತ್ತಿಕೊಂಡದ್ದು ಅವತ್ತು. ಇವತ್ತಿಗೂ ಆರಿಲ್ಲ, ನನ್ನ ಸ್ವಭಾವವೇ ಅಂಥದ್ದು.

ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸೈಬರ್ ಸೆಂಟರಿನಲ್ಲಿ ನೊಣ ಹೊಡೆಯುವುದೇ ಕೆಲಸವಾಯಿತು. ಪಂಚಾಕ್ಷರಿ ಬಾಗಿಲು ಹಾಕಿದ. ಉಳಿದವರನ್ನೆಲ್ಲ ಮಾರಿ ನನ್ನನ್ನು ಮನೆಗೆ ತಂದ. ಪ್ರೀತಿಯಿಂದೇನಲ್ಲ, ನನ್ನನ್ನು ಯಾರೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ವಿಡಿಯೊ ಗೇಮ್ ಅಂಗಡಿಯ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ ಆಸೆ ಅವನಿಗೆ ಇನ್ನೂ ತೀರಿರಲಿಲ್ಲ. ಬಡಗಿಯಿಂದ ಆಳೆತ್ತರದ ಮರದ ಪೆಟ್ಟಿಗೆ ಮಾಡಿಸಿ, ಮುಂದೆ ಪರದೆ, ಅದರ ಕೆಳಗೆ ಜಾಯ್‌ಸ್ಟಿಕ್, ಒಂದು ಕೆಂಪು ಗುಂಡಿ ಕೂರಿಸಿದ. ನನ್ನನ್ನು ಅದರ ಹೊಟ್ಟೆಯೊಳಗಿನ ಕತ್ತಲಲ್ಲಿಟ್ಟು ಹಿಂಬಾಗಿಲು ಮುಚ್ಚಿದ.

ಬಂದವರೆಲ್ಲ ಪೆಟ್ಟಿಗೆಯನ್ನು ಸವರಿ ಹೊಗಳುತ್ತಿದ್ದರು. ಆಯುಧಪೂಜೆಯ ದಿನ ಕುಂಕುಮ, ಚೆಂಡುಹೂವು ಅದಕ್ಕೇ. ದುಡಿಯುವವನು ನಾನು, ಮೆರೆಯುವುದು ಅದು. ಹಿಂಬಾಗಿಲು ತೆಗೆದು ನನಗೊಂದು ಬೊಟ್ಟು ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನನಗೆ ಬೆಲೆ ಕೊಟ್ಟವಳು ಪಂಚಾಕ್ಷರಿಯ ಹೆಂಡತಿ ಸರ್ವಮಂಗಳಾ ಒಬ್ಬಳೇ, ಅದೂ ತನಗೇ ಗೊತ್ತಿಲ್ಲದ ಹಾಗೆ. ಗಂಡನ ಹುಚ್ಚು ತಿಂಗಳೊಪ್ಪತ್ತಿನಲ್ಲಿ ಇಳಿಯಿತು, ಅವಳಿಗೆ ಹಿಡಿಯಿತು. ಒಲೆಯ ಮೇಲೆ ಬೇಳೆ ಬೇಯಲು ಬಿಟ್ಟು ಬಂದು ಮೊಲದ ಆಟ ಹಾಕುವಳು. ಮೊಲ ನದಿಗಳನ್ನು ದಾಟಿ ಗೂಡು ಸೇರಬೇಕು. ಮೊದಲೆರಡು ಸೇತುವೆ ಸುಲಭ. ಮೂರನೆಯದರ ಹಲಗೆಗಳು ಕುಸಿಯುತ್ತವೆ, ನೀರು ಚಿಮ್ಮುತ್ತದೆ, ಹಕ್ಕಿಗಳು ಒಟ್ಟಿಗೆ ಹಾರುತ್ತವೆ. ಅಷ್ಟನ್ನೂ ಒಟ್ಟಿಗೆ ತೋರಿಸಲು ಹೋಗಿ ನನ್ನ ಮೈ ಕೆಂಡವಾಗುತ್ತಿತ್ತು. ನನ್ನ ಫ್ಯಾನಿಗೆ ಸೈಬರ್ ಸೆಂಟರಿನ ಕಾಲದ ಧೂಳು ಮೆತ್ತಿತ್ತು. ಓಡುವ ಯಂತ್ರಕ್ಕೆ ಕೈ ಹಾಕಬಾರದು ಎನ್ನುವುದು ಪಂಚಾಕ್ಷರಿಯ ಸಿದ್ಧಾಂತ. ಹಾಗಾಗಿ ಮೂರನೇ ಸೇತುವೆಯ ಬಳಿ ನಾನು ರೆಪ್ಪೆ ಬಡಿಯುವಷ್ಟು ಹೊತ್ತು ನಿಂತುಬಿಡುತ್ತಿದ್ದೆ. ಮಂಗಳಾ ಎಷ್ಟೋ ಸಲ ನೀರಿಗೆ ಬಿದ್ದು, ಕೊನೆಗೆ ಗುಂಡಿಯನ್ನು ಒಂಚೂರು ಮುಂಚೆಯೇ ಒತ್ತುವುದನ್ನು ಕಲಿತಳು. ಅವಳ ಅವಸರ, ನನ್ನ ತಡ ಎರಡೂ ಸೇರಿ ಮೊಲ ಸರಿಯಾಗಿ ಹಾರುತ್ತಿತ್ತು.

ಪ್ರತಿವರ್ಷ ಗೌರಿ ಹಬ್ಬಕ್ಕೆ ಪಂಚಾಕ್ಷರಿಯ ತಂಗಿ ಪ್ರಭಾವತಿ ಕಡೂರಿನಿಂದ ಬರುವಳು. ಅವಳು ಬಂದರೆ ಮನೆಯಲ್ಲಿ ಅವಳದೇ ಮಾತು. ಪಾಯಸಕ್ಕೆ ಏಲಕ್ಕಿ ಎಷ್ಟು ಎನ್ನುವುದರಿಂದ ಹಿಡಿದು ಕಿಟಕಿಯ ಪರದೆಯವರೆಗೆ ಅವಳು ಹೇಳಿದಂತೆಯೇ ನಡೆಯಬೇಕು. ಮಂಗಳಾ ಆ ನಾದಿನಿಯ ಎದುರು ಗೆಲ್ಲುತ್ತಿದ್ದದ್ದು ಮೊಲದ ಆಟದಲ್ಲಿ ಮಾತ್ರ. ಪ್ರಭಾವತಿ ಸರಿಯಾದ ಹೊತ್ತಿಗೆ ಗುಂಡಿ ಒತ್ತುವಳು, ನಾನು ತಡ ಮಾಡುವೆ, ಮೊಲ ನೀರಿಗೆ.

"ಸೋತಿದ್ದು ನಾನಲ್ಲ ಅಣ್ಣ, ನಿನ್ನ ಡಬ್ಬಕ್ಕೆ ವಯಸ್ಸಾಗಿದೆ," ಎಂದು ಒಂದು ವರ್ಷ ಅವಳು ಹೇಳಿಹೋದಳು.

ಅಣ್ಣನಿಗೆ ಆ ಮಾತು ನಾಟಿತು. ಮುಂದಿನ ಗೌರಿ ಹಬ್ಬಕ್ಕೆ ಮುಂಚೆ ಸೋಪಿನ ಡಬ್ಬಿಯಷ್ಟಿದ್ದ ಒಂದು ಹೊಸ ಕಂಪ್ಯೂಟರ್ ತಂದ. ನನ್ನ ವೈರು ಕಿತ್ತು ಅದಕ್ಕೆ ಚುಚ್ಚಿದ. ನನ್ನನ್ನು ನಡುಮನೆಯ ಅಟ್ಟದ ಮೇಲೆ, ಹಳೆಯ ಕುಕ್ಕರಿನ ಪಕ್ಕ ಕೂರಿಸಿದ. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಕಾಣದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆ ಸೋಪಿನ ಡಬ್ಬಿಗೆ ಸದ್ದಿಲ್ಲ, ಬಿಸಿಯಿಲ್ಲ, ಗುಂಡಿ ಒತ್ತಿದ ತಕ್ಷಣ ಆಟ ಶುರು. ಸುಟ್ಟುಹೋಗಲಿ ಎಂದು ದಿನಾ ಶಾಪ ಹಾಕಿದೆ.

ಹಬ್ಬದ ಕೆಲಸದಲ್ಲಿ ಮಂಗಳಾಗೆ ಅದನ್ನು ಮುಟ್ಟಲೂ ಬಿಡುವಾಗಲಿಲ್ಲ. ಬಾಗಿನ ಕೊಟ್ಟಾದ ಮೇಲೆ ಅತ್ತಿಗೆ ನಾದಿನಿ ಆಟಕ್ಕೆ ನಿಂತರು. ಪ್ರಭಾವತಿಯ ಮೊಲ ಮೂರನೇ ಸೇತುವೆ ದಾಟಿತು. ಮಂಗಳಾ ರೂಢಿಯಂತೆ ಮುಂಚೆ ಒತ್ತಿದಳು. ಮೊಲ ಮುಂಚೆಯೇ ಹಾರಿ ಮುಳುಗಿತು. ಮತ್ತೆ ಆಡಿದಳು, ಮತ್ತೆ ಮುಳುಗಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅವಳ ಮುಖ ಬಾಡಿದ್ದು ತಡವಾಗಿ ಕಂಡಿತು.

ಪಾತ್ರೆ ತೊಳೆಯುವಾಗ ಅವಳು ಗಂಡನಿಗೆ ಹೇಳಿದಳು. "ನಾಡಿದ್ದು ಗಣಪತಿ ಬಿಟ್ಟ ಮೇಲೆ ಪ್ರಭಾ ಹೊರಡ್ತಾಳೆ. ಅಷ್ಟರೊಳಗೆ ಹಳೇದನ್ನೇ ಹಾಕಿಕೊಡಿ ರೀ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನನ್ನು ಇಳಿಸಿದರು. ಹೆಂಡತಿ ಬಾಯಿಬಿಟ್ಟು ಕೇಳಿದ್ದೇ ಅಪರೂಪವಾದ್ದರಿಂದ ಪಂಚಾಕ್ಷರಿ ತನ್ನ ಸಿದ್ಧಾಂತವನ್ನು ಪಕ್ಕಕ್ಕಿಟ್ಟ. ನನ್ನ ಮುಚ್ಚಳ ಬಿಚ್ಚಿ ಬ್ರಷ್‌ನಿಂದ ಮೂಲೆಮೂಲೆ ಉಜ್ಜಿದ. ಹೊಸ ಫ್ಯಾನ್ ಹಾಕಿದ. ನನಗೆ ಮದುವೆಯ ಎಣ್ಣೆನೀರಾದಂತಾಯಿತು. ಸೋಪಿನ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ನನ್ನನ್ನು ಒಳಗಿಟ್ಟಾಗ, ಇವತ್ತು ತೋರಿಸುತ್ತೇನೆ ನೋಡು ಎಂದುಕೊಂಡೆ.

ತೋರಿಸಿದೆ. ಮೈ ತಣ್ಣಗಿತ್ತು, ಉಸಿರು ಸರಾಗವಾಗಿತ್ತು. ಮೊದಲ ಸೇತುವೆ, ಎರಡನೆಯದು, ಮೂರನೆಯದು. ಹಲಗೆ, ನೀರು, ಹಕ್ಕಿ, ಯಾವುದಕ್ಕೂ ನಾನು ಒಂದು ಕ್ಷಣವೂ ನಿಲ್ಲಲಿಲ್ಲ. ಮಂಗಳಾ ನನ್ನನ್ನು ನಂಬಿ, ಒಂಚೂರು ಮುಂಚೆ ಒತ್ತಿದಳು.

ಮೊಲ ನೀರಿಗೆ ಬಿತ್ತು.

"ಅತ್ತಿಗೆ, ಅಷ್ಟು ಬೇಗ ಯಾಕೆ ಒತ್ತುತ್ತೀರಿ?" ಎಂದಳು ಪ್ರಭಾವತಿ. ದನಿಯಲ್ಲಿ ಕೊಂಕಿರಲಿಲ್ಲ.

ಮಂಗಳಾ ಗುಂಡಿಯಿಂದ ಕೈ ತೆಗೆದಳು. "ಇದು ನಮ್ಮ ಹಳೇದಲ್ಲ ಕಣಮ್ಮ. ಅದು ನಂಗೋಸ್ಕರ ಒಂಚೂರು ತಡೀತಿತ್ತು."

ನಾನೇ, ಮಂಗಳಾ, ನಾನೇ ಎಂದು ಕೂಗಬೇಕೆನಿಸಿತು. ನಮ್ಮಂಥವರಿಗೆ ಬಾಯೆಲ್ಲಿದೆ.

ಮತ್ತೆ ಅಟ್ಟ ಸೇರಿದ್ದೇನೆ. ಕೆಳಗೆ ಸೋಪಿನ ಡಬ್ಬಿ ಆಡಿಸುತ್ತದೆ. ಮಂಗಳಾ ಆಗಾಗ ಬೀಳುತ್ತಾಳೆ, ಬಿದ್ದಾಗೆಲ್ಲ ಲೊಚಗುಟ್ಟಿ "ಹಳೇದಾಗಿದ್ರೆ" ಎನ್ನುತ್ತಾಳೆ. ಎಲ್ಲರ ಮೇಲೂ ಕಿಚ್ಚುಪಟ್ಟ ನನಗೆ ಈಗ ಆ ಹಳೇದರ ಮೇಲೆಯೇ ಕಿಚ್ಚು. ನಿಜ ಹೇಳಬೇಕೆಂದರೆ ಅದು ಯಾರಿಗೋಸ್ಕರವೂ ತಡೆಯುತ್ತಿರಲಿಲ್ಲ, ಧೂಳಿಗೆ ಉಸಿರು ಕಟ್ಟುತ್ತಿತ್ತು ಅಷ್ಟೆ. ಆದರೆ ಅವಳು ನಂಬಿದ್ದಾಳೆ, ನಾನು ಯಾಕೆ ಬಾಯಿಬಿಡಲಿ.

ಅಟ್ಟದ ಮೇಲೆ ಧೂಳು ಬೀಳುತ್ತಿದೆ. ಹೊಸ ಫ್ಯಾನಿನ ರೆಕ್ಕೆಗಳ ಮೇಲೆ ಆಗಲೇ ತೆಳ್ಳಗೆ ಕೂತಿದೆ. ಬೀಳಲಿ. ಇನ್ನಷ್ಟು ಬೀಳಲಿ.